ಲ್ಯಾಪ್‌ಟಾಪಿನೊಂದಿಗೆ ಅಂಟಿ ಬಂದ ತಂತ್ರಾಂಶ: ಬೇಡ ಎನ್ನುವವರು ಹಿಡಿಯಬೇಕಾದ ದಾರಿ

ಮಗಳ ಕಾಲೇಜಿಗೆಂದು ಮಂಗಳೂರಿನ ಅಂಗಡಿಯೊಂದರಲ್ಲಿ ಲ್ಯಾಪ್‌ಟಾಪ್ ಕೊಂಡ ದಿನದ ಕಥೆ ಇದು. ನಾನು ಕಾರ್ಡನ್ನು ಪರ್ಸಿನೊಳಗೆ ಸೇರಿಸುವಷ್ಟರಲ್ಲಿ ಕೌಂಟರಿನ ಹುಡುಗ ಪೆಟ್ಟಿಗೆಯ ಟೇಪು ಕೊಯ್ದು, ಯಂತ್ರ ಆನ್ ಮಾಡಿ, ನಾಲ್ಕು ಸಲ ‘ನೆಕ್ಸ್ಟ್’ ಒತ್ತಿ ಆಗಿತ್ತು. ಐದನೆಯ ಪರದೆಯಲ್ಲಿ ಉದ್ದಕ್ಕೆ ಸಣ್ಣಕ್ಷರದ ಕರಾರು. ಅದರ ಕೆಳಗಿದ್ದ ‘ಅಕ್ಸೆಪ್ಟ್’ ಗುಂಡಿಯನ್ನೂ ಅವನೇ ಒತ್ತಿದ. “ಎಲ್ಲ ಸೆಟ್ ಮಾಡಿ ಕೊಡ್ತೇನೆ ಅಣ್ಣ, ಮನೆಗೆ ಹೋದ ಮೇಲೆ ತಲೆಬಿಸಿ ಬೇಡ” ಅಂದ. ಒಳ್ಳೆಯ ಹುಡುಗ, ಸಂಶಯ ಇಲ್ಲ. ಆದರೆ ನಾನು ಓದದ ಕರಾರಿಗೆ ನನ್ನ ಪರವಾಗಿ ಅವನ ಬೆರಳು ಒಪ್ಪಿಗೆ ಹಾಕಿತ್ತು.

ಬಸ್ಸು ತಲಪಾಡಿ ದಾಟುವಾಗ ಬಿಲ್ಲು ಬಿಡಿಸಿ ನೋಡಿದೆ. ಎರಡನೆಯ ಸಾಲು: ಆಂಟಿವೈರಸ್, ಒಂದು ವರ್ಷ, 1,180 ರೂಪಾಯಿ. ಸಾವಿರಕ್ಕೆ ಶೇಕಡಾ 18ರ ಜಿಎಸ್‌ಟಿ ಸೇರಿದರೆ ಅಷ್ಟಾಗುತ್ತದೆ, ಲೆಕ್ಕದಲ್ಲಿ ತಪ್ಪಿಲ್ಲ. ನಾನು ಕೇಳಿರಲಿಲ್ಲ ಎಂಬುದೊಂದೇ ತಪ್ಪು.

ಇನ್ನೊಂದು ಸಂಗತಿ ಮನೆಗೆ ಬಂದ ಮೇಲೆ ಗೊತ್ತಾಯಿತು. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಅಲ್ಲಿನ ಸರಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸಿನಲ್ಲಿ, ಅಂದರೆ ವಿಂಡೋಸಿನ ಬದಲು ಹಾಕುವ ಉಚಿತ ಆಪರೇಟಿಂಗ್ ಸಿಸ್ಟಮಿನಲ್ಲಿ. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಶಾಲೆಗಳಲ್ಲೂ ಅದೇ. ಹೈಸ್ಕೂಲು ಮುಗಿಸುವವರೆಗೆ ನನ್ನ ಮಗಳು ಶಾಲೆಯಲ್ಲಿ ವಿಂಡೋಸ್ ಮುಟ್ಟಿದವಳೇ ಅಲ್ಲ. “ಅಪ್ಪ, ಇದನ್ನು ತೆಗೆದು ನಮ್ಮ ಶಾಲೆಯದ್ದನ್ನೇ ಹಾಕುವ. ಇದಕ್ಕೆ ಕೊಟ್ಟ ದುಡ್ಡು ವಾಪಸು ಸಿಗ್ತದಾ?” ಅಂತ ಕೇಳಿದಳು. ಬದಿಯಡ್ಕ ಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟು ಇಷ್ಟು ವರ್ಷ ಕಂಪ್ಯೂಟರಿನ ಎದುರೇ ಕೂತವನಿಗೆ ಉತ್ತರ ಗೊತ್ತಿರಲಿಲ್ಲ.

ಆಂಟಿವೈರಸ್ಸಿನ ದುಡ್ಡು ವಾಪಸು ಬಂತು. ವಿಂಡೋಸಿನದ್ದು ಬರಲಿಲ್ಲ. ಒಂದು ಯಾಕೆ ಬಂತು, ಇನ್ನೊಂದು ಯಾಕೆ ಬರಲಿಲ್ಲ ಎಂದು ಹುಡುಕುತ್ತ ಹೋದಾಗ ಕಲಿತದ್ದನ್ನು, ನೀವು ಹೊಸ ಯಂತ್ರ ಕೊಳ್ಳುವ ಮೊದಲೇ ಓದಿಕೊಳ್ಳಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಈ ಜಗಳದ ಮುಕ್ಕಾಲು ಪಾಲು ತೀರ್ಮಾನವಾಗುವುದು ಕೌಂಟರಿನ ಮೇಲೆ, ‘ಅಕ್ಸೆಪ್ಟ್’ ಒತ್ತುವ ಮೊದಲಿನ ಹತ್ತು ನಿಮಿಷದಲ್ಲಿ.

ಯಾವುದು ಯಾವ ಜಾತಿಯದ್ದು

ಹೊಸ ಯಂತ್ರದಲ್ಲಿ ಬರುವ ತಂತ್ರಾಂಶವೆಲ್ಲ ಒಂದೇ ಅಲ್ಲ. ದೂರು ಬರೆಯುವ ಮೊದಲು ವಿಂಗಡಿಸಿಕೊಳ್ಳದಿದ್ದರೆ ಎದುರಿನವರ ವಕೀಲರು ಒಂದನ್ನು ತೋರಿಸಿ ಇನ್ನೊಂದನ್ನು ಮರೆಸುತ್ತಾರೆ.

ಮೊದಲನೆಯದು ಆಪರೇಟಿಂಗ್ ಸಿಸ್ಟಮ್, ಹೆಚ್ಚಾಗಿ ವಿಂಡೋಸ್. ತಯಾರಕ ಕಂಪೆನಿ ಸಗಟಿನಲ್ಲಿ ಪರವಾನಗಿ ಕೊಂಡು ಕಾರ್ಖಾನೆಯಲ್ಲೇ ಹಾಕಿ ಕಳುಹಿಸುತ್ತದೆ. ಅದರ ಬೆಲೆ ಬಿಲ್ಲಿನಲ್ಲಿ ಪ್ರತ್ಯೇಕ ಕಾಣುವುದಿಲ್ಲ. ಇದೇ ಎಲ್ಲಕ್ಕಿಂತ ಕಷ್ಟದ್ದು.

ಎರಡನೆಯದು ಮೂವತ್ತು ದಿನವೋ ಒಂದು ವರ್ಷವೋ ‘ಫ್ರೀ’ ಎಂದು ಬರುವ ಆಫೀಸ್, ಆಂಟಿವೈರಸ್, ಕ್ಲೌಡ್ ಜಾಗ. ಮೀನು ಹಿಡಿಯುವವನು ಗಾಳಕ್ಕೆ ಸಿಕ್ಕಿಸುವ ಎರೆಹುಳುವೂ ಫ್ರೀಯೇ. ಮೂರನೆಯದು ಅಂಗಡಿಯವರೇ ಬಿಲ್ಲಿಗೆ ಸೇರಿಸುವ ಸಾಲುಗಳು: ಆಂಟಿವೈರಸ್, ಹೆಚ್ಚುವರಿ ವಾರಂಟಿ, ‘ಇನ್‌ಸ್ಟಲೇಶನ್ ಚಾರ್ಜ್’. ದುಡ್ಡು ಎಷ್ಟು, ಯಾರು ತೆಗೆದುಕೊಂಡರು ಎಂಬುದೆಲ್ಲ ಕಾಗದದ ಮೇಲೆಯೇ ಇರುವುದರಿಂದ ಇದು ಎಲ್ಲಕ್ಕಿಂತ ಸುಲಭ.

ನಾಲ್ಕನೆಯದು ನೀವು ಕೇಳದ, ಬಳಸದ, ಆದರೆ ಒಳಗೆ ಕೂತು ಏನೋ ಮಾಡುತ್ತಿರುವ ಪ್ರೋಗ್ರಾಮುಗಳು. ಬರೀ ಜಾಗ ತಿನ್ನುತ್ತವೆ ಎಂದು ಸುಮ್ಮನಿರಬೇಡಿ. ಲೆನೊವೊ ಕಂಪೆನಿಯ ಕೆಲವು ಲ್ಯಾಪ್‌ಟಾಪುಗಳಲ್ಲಿ ಕಾರ್ಖಾನೆಯಿಂದಲೇ ಬರುತ್ತಿದ್ದ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶದ ಬಂಡವಾಳ 2015ರ ಫೆಬ್ರವರಿಯಲ್ಲಿ ಬಯಲಾಯಿತು. ಅದು ತನ್ನದೇ ಒಂದು ಭದ್ರತಾ ಪ್ರಮಾಣಪತ್ರವನ್ನು ಯಂತ್ರದೊಳಗೆ ಕೂರಿಸಿ, ಬ್ಯಾಂಕಿನ ಪುಟವೂ ಸೇರಿ ಬೀಗದ ಚಿಹ್ನೆಯಿರುವ ಸುರಕ್ಷಿತ ಸಂಪರ್ಕಗಳ ನಡುವೆಯೇ ತೂರಿಕೊಳ್ಳುತ್ತಿತ್ತು. ಅಮೆರಿಕದಲ್ಲಿ 2017ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಮತ್ತು 32 ರಾಜ್ಯಗಳ ಜೊತೆ ಕಂಪೆನಿ ರಾಜಿ ಮಾಡಿಕೊಳ್ಳಬೇಕಾಯಿತು. ರಾಜ್ಯಗಳಿಗೆ ಕಟ್ಟಿದ್ದು 35 ಲಕ್ಷ ಡಾಲರ್. ಇಂಥದ್ದು ಕಂಡರೆ ವಿಷಯ ‘ಬೇಡದ ತಂತ್ರಾಂಶ’ದ್ದಲ್ಲ, ದೋಷವಿರುವ ಸರಕಿನದ್ದು. ದೂರಿನಲ್ಲೂ ಹಾಗೆಯೇ ಬರೆಯಬೇಕು.

ದುಡ್ಡು ಕೊಡುವ ಮೊದಲು

ಬೇಕಾದ ಮಾದರಿ ವಿಂಡೋಸ್ ಇಲ್ಲದೆ, ಡಾಸ್ ಅಥವಾ ಲಿನಕ್ಸಿನೊಂದಿಗೆ ಸಿಗುತ್ತದೆಯೇ ಎಂದು ಕೇಳಿ. ಅಂಗಡಿಯವರ ಬಾಯಲ್ಲಿ ಅದು ‘ಡಾಸ್ ಲ್ಯಾಪ್‌ಟಾಪ್’. ಫ್ರೀಡಾಸ್ ಅಥವಾ ಉಬುಂಟು ಎಂಬ ಲಿನಕ್ಸ್ ಹಾಕಿದ ಯಂತ್ರ ಸಿಕ್ಕಿತಾದರೆ ಈ ಲೇಖನದ ಅರ್ಧ ನಿಮಗೆ ಬೇಕಾಗುವುದಿಲ್ಲ. ಸಿಗದಿದ್ದರೂ ಅದೇ ಮಾದರಿಯ ಎರಡು ಬೆಲೆಗಳು ಎಲ್ಲಾದರೂ ಕಂಡರೆ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ವಿಂಡೋಸಿಗೆ ನೀವು ಕೊಟ್ಟದ್ದು ಎಷ್ಟು ಎಂಬ ಪ್ರಶ್ನೆಗೆ ಕಂಪೆನಿ ಉತ್ತರ ಕೊಡುವುದಿಲ್ಲ. ಆ ಎರಡು ಬೆಲೆಗಳ ವ್ಯತ್ಯಾಸವೇ ನಿಮ್ಮ ಕೈಯಲ್ಲಿರುವ ಲೆಕ್ಕ.

ಡಾಸ್ ಲ್ಯಾಪ್‌ಟಾಪ್ ಕೊಂಡವರಿಗೆ ಇನ್ನೊಂದು ಗಂಡಾಂತರ ಉಂಟು. “ವಿಂಡೋಸ್ ನಾವೇ ಹಾಕಿ ಕೊಡ್ತೇವೆ, ಐನೂರು ಕೊಡಿ ಸಾಕು” ಎನ್ನುತ್ತಾರೆ. ಐನೂರಕ್ಕೆ ಬರುವುದು ಕದ್ದ ಪ್ರತಿ. ಕಂಪ್ಯೂಟರ್ ಪ್ರೋಗ್ರಾಮಿನ ಕದ್ದ ಪ್ರತಿಯನ್ನು ತಿಳಿದೂ ತಿಳಿದೂ ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಅಪರಾಧ. ಡಿಟಿಪಿ ಕೆಲಸದವನಾಗಿ ಈ ಮಾತು ಹೇಳುವಾಗ ನನ್ನ ಸ್ವರ ಸ್ವಲ್ಪ ಸಣ್ಣದಾಗುತ್ತದೆ, ನಮ್ಮ ಕಸುಬಿನ ಹಳೆಯ ಪುರಾಣಗಳು ನನಗೂ ಗೊತ್ತು. ಆದರೆ ಗ್ರಾಹಕ ಎಂದು ಹಕ್ಕು ಕೇಳಲು ಹೊರಟವನ ಯಂತ್ರದಲ್ಲಿ ಕದ್ದ ಮಾಲು ಇರಬಾರದು.

ಅಂಗಡಿಯಲ್ಲಿ ಒಂದು ವಾಕ್ಯ ಖಡಾಖಂಡಿತ ಹೇಳಿ: “ಪೆಟ್ಟಿಗೆ ಬಿಚ್ಚಬೇಡಿ, ಆನ್ ಮಾಡಬೇಡಿ, ಬಿಲ್ಲಿನಲ್ಲಿ ಲ್ಯಾಪ್‌ಟಾಪ್ ಬಿಟ್ಟು ಬೇರೆ ಏನೂ ಬೇಡ.” ಪರದೆಗೆ ಪೆಟ್ಟಾಗಿದೆಯೋ ಎಂಬ ಭಯವಿದ್ದರೆ ಪೆಟ್ಟಿಗೆ ಬಿಚ್ಚಿಸಿ ಹೊರಗಿನಿಂದ ನೋಡಿ, ಆನ್ ಮಾಡಿದರೂ ಮೊದಲ ಪರದೆ ಕಂಡ ಕೂಡಲೇ ನಿಲ್ಲಿಸಿ. ಈ ಮಾತನ್ನು ಹಿಂದಿನ ದಿನವೇ ವಾಟ್ಸ್ಆಪ್‌ನಲ್ಲಿ ಅಂಗಡಿಯವರಿಗೆ ಕಳುಹಿಸಿದ್ದರೆ ಇನ್ನೂ ಒಳ್ಳೆಯದು. ಬಾಯಿಮಾತಿಗೆ ಸಾಕ್ಷಿ ಹುಡುಕಬೇಕು, ನೀಲಿ ಟಿಕ್ಕಿಗೆ ಬೇಡ.

ಆನ್‌ಲೈನಿನಲ್ಲಿ ಕೊಳ್ಳುವವರು ದುಡ್ಡು ಕಟ್ಟುವ ಪುಟದಲ್ಲಿ ಮೊದಲೇ ಟಿಕ್ ಬಿದ್ದಿರುವ ಚೌಕಗಳನ್ನು ನೋಡಿ. ಗ್ರಾಹಕರ ಒಪ್ಪಿಗೆಯನ್ನು ಹೀಗೆ ಮೊದಲೇ ಗುರುತು ಹಾಕಿ ಪಡೆಯುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳೇ ಹೇಳುತ್ತವೆ. ಕೇಳದ ಸರಕನ್ನು ಬುಟ್ಟಿಗೆ ತುರುಕುವುದು, ಬಿಡಿಸಿಕೊಳ್ಳಲಾಗದ ಚಂದಾ ಜಾಲದಲ್ಲಿ ಸಿಕ್ಕಿಸುವುದು, ಒಂದು ಬೇಕಾದರೆ ಇನ್ನೊಂದನ್ನೂ ತಗೊಳ್ಳಿ ಎಂದು ಬಲವಂತ ಮಾಡುವುದು: ಈ ಮೂರೂ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಯ 13 ಬಗೆಗಳೊಳಗೆ ಬರುತ್ತವೆ. ನಿಮಗೆ ಆದದ್ದು ಇವುಗಳಲ್ಲಿ ಯಾವುದು ಎಂದು ಹೆಸರಿಟ್ಟು ಬರೆದರೆ ದೂರಿಗೆ ತೂಕ ಬರುತ್ತದೆ.

ಬಿಲ್ಲು ಯಾರ ಹೆಸರಿನಲ್ಲಿ ಎಂಬುದೂ ಮುಖ್ಯ. ನಿಮ್ಮದೇ ಅಂಗಡಿಯ ಜಿಎಸ್‌ಟಿ ನಂಬರು ಕೊಟ್ಟು ಬಿಲ್ಲು ಮಾಡಿಸಿದರೆ ತೆರಿಗೆ ಉಳಿಯುತ್ತದೆ ನಿಜ. ಆದರೆ ಮುಂದೆ “ಇವರು ಗ್ರಾಹಕರೇ ಅಲ್ಲ, ವ್ಯಾಪಾರಕ್ಕೆ ಕೊಂಡವರು” ಎಂಬ ವಾದ ಎದುರಾಗುತ್ತದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರೆಂದೇ ಒಪ್ಪುತ್ತದೆ, ನನ್ನಂಥ ಒಬ್ಬನೇ ಕೂತು ಟೈಪು ಮಾಡುವವನಿಗೆ ಆ ಬಾಗಿಲು ಉಂಟು. ಆದರೂ ಮಗಳ ಲ್ಯಾಪ್‌ಟಾಪ್ ಮಗಳ ಹೆಸರಿನಲ್ಲೇ ಇರಲಿ.

ಮೊದಲ ಸಲ ಆನ್ ಮಾಡುವಾಗ

ಇದನ್ನು ಸಾವಕಾಶ ಮಾಡಿ. ಮನೆಯ ಮೇಜಿನ ಮೇಲೆ, ಹಗಲಿನ ಬೆಳಕಿನಲ್ಲಿ, ಇನ್ನೊಬ್ಬರ ಕೈಗೆ ಮೊಬೈಲು ಕೊಟ್ಟು ವಿಡಿಯೋ ಮಾಡಲು ಹೇಳಿ. ಮೊದಲು ಪೆಟ್ಟಿಗೆಯ ಹೊರಗಿನ ಸೀರಿಯಲ್ ನಂಬರು, ಮುರಿಯದ ಟೇಪು. ಆಮೇಲೆ ಯಂತ್ರದ ಹೊಟ್ಟೆಯ ಕೆಳಗಿನ ಅದೇ ನಂಬರು. ನಡುವೆ ವಿಡಿಯೋ ನಿಲ್ಲಿಸಬೇಡಿ.

ಆನ್ ಮಾಡಿದರೆ ದೇಶ ಯಾವುದು, ಕೀಲಿಮಣೆ ಯಾವುದು, ವೈಫೈ ಯಾವುದು ಎಂದು ಕೇಳುತ್ತ ಬಂದು ಕೊನೆಗೆ ಪರವಾನಗಿ ಕರಾರಿನ ಪರದೆ ಬರುತ್ತದೆ. ಅಲ್ಲಿ ಕೈ ತಡೆಯಿರಿ. ಕರಾರನ್ನು ಮೇಲಿನಿಂದ ಕೆಳಗೆ ಸರಿಸುತ್ತ ಅಕ್ಷರ ಓದಲಿಕ್ಕೆ ಬರುವಂತೆ ಚಿತ್ರೀಕರಿಸಿ. ‘ಒಪ್ಪದಿದ್ದರೆ’ ಎಂಬ ಅರ್ಥದ ವಾಕ್ಯ ಪ್ರಾರಂಭದಲ್ಲೇ ಸಿಗುತ್ತದೆ. ವಿಂಡೋಸಿನ ಈಗಿನ ಕರಾರಿನಲ್ಲಿರುವುದು ಹೆಚ್ಚುಕಡಿಮೆ ಹೀಗೆ: ಒಪ್ಪದಿದ್ದರೆ ಬಳಸುವಂತಿಲ್ಲ, ತಯಾರಕರನ್ನು ಸಂಪರ್ಕಿಸಿ ಅವರ ವಾಪಸಾತಿ ನೀತಿ ಏನೆಂದು ಕೇಳಿ, ಆ ನೀತಿಯ ಪ್ರಕಾರ ತಂತ್ರಾಂಶವನ್ನೋ ಯಂತ್ರವನ್ನೋ ಮರಳಿಸಿ ದುಡ್ಡು ಪಡೆಯಬಹುದು, ಆದರೆ ತಂತ್ರಾಂಶದ ಜೊತೆ ಇಡೀ ಯಂತ್ರವನ್ನೇ ಮರಳಿಸಬೇಕೆಂದು ಆ ನೀತಿ ಹೇಳಬಹುದು.

ಆ ಕೊನೆಯ ಮಾತೇ ಮುಳ್ಳು. ವಿಂಡೋಸ್ ಎಕ್ಸ್‌ಪಿ ಕಾಲದವರೆಗಿನ ಕರಾರುಗಳಲ್ಲಿ ಬಳಸದ ಸರಕನ್ನು ತಯಾರಕರ ನೀತಿಯಂತೆ ಮರಳಿಸಿ ಎಂದಷ್ಟೇ ಇತ್ತು. ಅದನ್ನೇ ಹಿಡಿದು ಜನ ದುಡ್ಡು ಕೇಳುತ್ತಿದ್ದರು. 1999ರ ಫೆಬ್ರವರಿ 15ರಂದು ಕ್ಯಾಲಿಫೋರ್ನಿಯಾದಲ್ಲಿ ಲಿನಕ್ಸ್ ಬಳಕೆದಾರರು ಗುಂಪಾಗಿ ಮೈಕ್ರೋಸಾಫ್ಟ್ ಕಚೇರಿಗೇ ಹೋಗಿ ‘ವಿಂಡೋಸ್ ರಿಫಂಡ್ ಡೇ’ ಆಚರಿಸಿದ್ದರು. ಈಗ ಹಾಗೆ ಸುಲಭಕ್ಕೆ ಹಿಡಿಯುವ ಕೊಂಡಿ ಇಲ್ಲ. ಅದಲ್ಲದೆ ವಿಂಡೋಸ್ 8ರ ನಂತರ ಪರವಾನಗಿಯ ಕೀ ಮದರ್‌ಬೋರ್ಡಿನ ಫರ್ಮ್‌ವೇರಿನೊಳಗೇ ಕೂತಿರುತ್ತದೆ. ಹಿಂದಿನ ಹಾಗೆ ಸ್ಟಿಕ್ಕರು ಕಿತ್ತು “ತೆಗೆದುಕೊಳ್ಳಿ ನಿಮ್ಮದು” ಎಂದು ಕೊಡಲಿಕ್ಕಾಗುವುದಿಲ್ಲ. ಹಾಗಾಗಿ ನೀವು ಒಪ್ಪಲೇ ಇಲ್ಲ ಎಂಬುದಕ್ಕೆ ಆ ವಿಡಿಯೋ ಒಂದೇ ಆಧಾರ.

ಚಿತ್ರೀಕರಣ ಮುಗಿದ ಮೇಲೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಯಂತ್ರ ಆರಿಸಿ. ಲಿನಕ್ಸ್ ಹಾಕುವ ಅವಸರ ಬೇಡ. ಕಂಪೆನಿಯ ಉತ್ತರ ಬರುವವರೆಗೆ ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ಉಬುಂಟು ಓಡಿಸಿ ಕೆಲಸ ಸಾಗಿಸಬಹುದು.

ಬೇರೆ ದೇಶದವರು ಹೋದ ದಾರಿ

ಇಟಲಿಯಲ್ಲಿ ಒಬ್ಬ ಗ್ರಾಹಕ 2005ರಲ್ಲಿ ಲ್ಯಾಪ್‌ಟಾಪ್ ಕೊಂಡು, ಒಳಗಿದ್ದ ವಿಂಡೋಸ್ ಮತ್ತು ವರ್ಕ್ಸ್ ಎಂಬ ಆಫೀಸ್ ತಂತ್ರಾಂಶ ಬೇಡವೆಂದು 140 ಯೂರೋ ವಾಪಸು ಕೇಳಿದ. ತಯಾರಕ ಕಂಪೆನಿ ಎಚ್‌ಪಿ. ಕೆಳಗಿನ ಎರಡೂ ಹಂತದಲ್ಲಿ ಗೆದ್ದ, ಕಂಪೆನಿ ಮೇಲೆ ಹೋಯಿತು. ಅಲ್ಲಿನ ಅತ್ಯುನ್ನತ ನ್ಯಾಯಾಲಯ ತೀರ್ಪು ಕೊಟ್ಟದ್ದು 2014ರ ಸೆಪ್ಟೆಂಬರ್ 11ರಂದು, ಒಂಬತ್ತು ವರ್ಷ ಕಳೆದ ಮೇಲೆ. ಯಂತ್ರ ಮತ್ತು ತಂತ್ರಾಂಶ ಒಂದಕ್ಕೊಂದು ತಾಂತ್ರಿಕವಾಗಿ ಬೆಸೆದುಕೊಂಡದ್ದಲ್ಲ, ವ್ಯಾಪಾರಕ್ಕಾಗಿ ಕಟ್ಟಿದ ಗಂಟು. ಹಾಗಾಗಿ ತಂತ್ರಾಂಶ ಒಪ್ಪದವನು ಯಂತ್ರವನ್ನೂ ಬಿಟ್ಟುಕೊಡಬೇಕಿಲ್ಲ ಎಂದಿತು.

ಅದೇ ದೇಶದ ಮೋಂಝಾ ಎಂಬ ಊರಿನಲ್ಲಿ ಇನ್ನೊಬ್ಬರು ಲೆನೊವೊ ಮೇಲೆ ಹಾಕಿದ ದಾವೆಯಲ್ಲಿ ವಿಂಡೋಸಿನ ಬೆಲೆ ಬರೀ 42 ಯೂರೋ. ಆದರೆ ಕಂಪೆನಿ ಇಲ್ಲದ ಅಡ್ಡಿ ಒಡ್ಡುತ್ತ ಮೇಲ್ಮನವಿಗೆ ಹೋದದ್ದು ನೋಡಿ ನ್ಯಾಯಾಲಯ 2020ರ ಡಿಸೆಂಬರಿನಲ್ಲಿ 20,000 ಯೂರೋ ದಂಡರೂಪದ ಪರಿಹಾರ ಕೊಡಿಸಿತು. ಆ ಮನುಷ್ಯ ಅದರಲ್ಲಿ 15,000 ಯೂರೋವನ್ನು ಯುರೋಪಿನ ಸ್ವತಂತ್ರ ತಂತ್ರಾಂಶ ಸಂಸ್ಥೆಗೆ ದಾನ ಕೊಟ್ಟರು.

ಇಷ್ಟು ಕೇಳಿ ಉಬ್ಬಬೇಡಿ. ಫ್ರಾನ್ಸಿನ ಗ್ರಾಹಕರೊಬ್ಬರು 2008ರಲ್ಲಿ 549 ಯೂರೋ ಕೊಟ್ಟು ಸೋನಿ ಲ್ಯಾಪ್‌ಟಾಪ್ ಕೊಂಡರು. ಕರಾರು ಒಪ್ಪದೆ, ತಂತ್ರಾಂಶದ ಪಾಲು ಎಂದು 450 ಯೂರೋ ಕೇಳಿದರು. ಬೇಕಾದರೆ ಇಡೀ ಯಂತ್ರ ಕೊಟ್ಟು ಪೂರ್ತಿ ದುಡ್ಡು ತಗೊಳ್ಳಿ ಎಂದಿತು ಕಂಪೆನಿ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2016ರ ಸೆಪ್ಟೆಂಬರ್ 7ರಂದು ಹೇಳಿದ್ದು ಇದು: ತಂತ್ರಾಂಶ ಸೇರಿಸಿಯೇ ಮಾರುವುದು ಅಷ್ಟರಿಂದಲೇ ಅನುಚಿತ ವ್ಯಾಪಾರವಾಗುವುದಿಲ್ಲ, ಪ್ರತಿಯೊಂದು ಪ್ರೋಗ್ರಾಮಿನ ಬೆಲೆ ಬೇರೆಬೇರೆ ತೋರಿಸದಿರುವುದೂ ದಾರಿತಪ್ಪಿಸಿದಂತಲ್ಲ. ಇಂಥ ಲೆಕ್ಕದಲ್ಲಿ ಆ ನ್ಯಾಯಾಲಯ ಮುಖ್ಯವಾಗಿ ಕಂಡದ್ದು, ಕೊಳ್ಳುವ ಮೊದಲೇ ಗ್ರಾಹಕರಿಗೆ ವಿಷಯ ಸರಿಯಾಗಿ ತಿಳಿಸಿದ್ದರೇ ಎಂಬುದನ್ನು.

ಇವು ಯಾವುದೂ ನಮ್ಮ ಗ್ರಾಹಕ ಕಮಿಷನ್ನನ್ನು (ಗ್ರಾಹಕ ಆಯೋಗವನ್ನು) ಕಟ್ಟಿಹಾಕುವುದಿಲ್ಲ. ಆದರೆ ನಿಮ್ಮ ಎದುರು ಪಕ್ಷ ಸೋನಿಯ ತೀರ್ಪನ್ನು ಖಂಡಿತ ಓದಿ ಬಂದಿರುತ್ತದೆ, ನೀವು ಇಟಲಿಯದ್ದನ್ನು ಓದಿಕೊಂಡು ಹೋಗಿ. “ಮೊದಲೇ ತಿಳಿಸಿದ್ದರೇ?” ಎಂಬ ಪ್ರಶ್ನೆ ನಮ್ಮಲ್ಲೂ ಬರುತ್ತದೆ. ಅಂಗಡಿಗೆ ಹಿಂದಿನ ದಿನವೇ ಮೆಸೇಜು ಕಳುಹಿಸಿ ಎಂದು ಹೇಳಿದ್ದು ಅದಕ್ಕೇ.

ಮೊದಲ ಪತ್ರ

ಕರಾರು ಒಪ್ಪದ ಒಂದೆರಡು ದಿನದೊಳಗೆ ಪತ್ರ ಹೋಗಬೇಕು. ತಯಾರಕರ ಗ್ರಾಹಕ ಸೇವೆಗೆ ಇಮೇಲ್, ಅಂಗಡಿಗೆ ಅದರ ಪ್ರತಿ, ಎರಡೂ ಕಡೆಗೆ ಸ್ಪೀಡ್ ಪೋಸ್ಟಿನಲ್ಲಿ ಕಾಗದ. ಅಂಚೆಯ ರಸೀದಿ ಮತ್ತು ತಲುಪಿದ ದಾಖಲೆಯ ಪ್ರಿಂಟು ಜೋಪಾನ. ಆನ್‌ಲೈನ್ ಖರೀದಿಯಾದರೆ ಆ ಜಾಲತಾಣದ ದೂರು ಅಧಿಕಾರಿಗೆ ಬರೆಯಿರಿ; ಅವರು 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು.

ಪತ್ರದಲ್ಲಿ ಸಿಟ್ಟು ಬೇಡ. ನಾನು ಬರೆದ ಮೊದಲ ಕರಡಿನಲ್ಲಿ ಬಂಡವಾಳಶಾಹಿ, ಸುಲಿಗೆ, ವಸಾಹತು ಎಲ್ಲ ಇತ್ತು. ಹೆಂಡತಿ ಓದಿ “ಇದು ಭಾಷಣ, ಅರ್ಜಿ ಅಲ್ಲ” ಅಂದಳು. ಎರಡನೆಯದ್ದು ಹೀಗಿತ್ತು:

“ಇಂಥ ದಿನ, ಇಂಥ ಬಿಲ್ ನಂಬರಿನಲ್ಲಿ, ಇಂಥ ಸೀರಿಯಲ್ ನಂಬರಿನ ಲ್ಯಾಪ್‌ಟಾಪ್ ಕೊಂಡಿದ್ದೇವೆ. ನಾವು ಕೇಳದೆ ಬಿಲ್ಲಿಗೆ ಸೇರಿಸಿದ ಆಂಟಿವೈರಸ್ಸಿನ ಕೀ ತೆರೆದಿಲ್ಲ, ಅದರ ಪೊಟ್ಟಣದ ಫೋಟೋ ಲಗತ್ತಿಸಿದೆ. 1,180 ರೂಪಾಯಿ ಮರಳಿಸಬೇಕು. ಆಪರೇಟಿಂಗ್ ಸಿಸ್ಟಮಿನ ಪರವಾನಗಿ ನಮಗೆ ಬೇಡ. ಅದನ್ನು ರದ್ದು ಮಾಡಿ ಬೆಲೆ ಮರಳಿಸಲು ನಿಮ್ಮ ನೀತಿ ಏನು, ಆ ಬೆಲೆ ಎಷ್ಟು ಎಂದು 15 ದಿನದೊಳಗೆ ಲಿಖಿತವಾಗಿ ತಿಳಿಸಿ.”

ಕೊನೆಯ ಆ ಎರಡು ಪ್ರಶ್ನೆಗಳನ್ನು ಬಿಡಬೇಡಿ. ಉತ್ತರ ಬಂದರೆ ಅದು ದಾಖಲೆ, ಬಾರದಿದ್ದರೆ ಅದೂ ದಾಖಲೆ.

ನನಗೆ ಅಂಗಡಿಯವರು ಫೋನು ಮಾಡಿದರು. “ಅದು ಹಾಗೇ ಬರುವುದು ಅಣ್ಣ, ಆಫರಿನಲ್ಲಿ ಉಂಟು.” ಆಫರಿನಲ್ಲಿದ್ದರೆ ಬಿಲ್ಲಿನಲ್ಲಿ ಬೇರೆ ದರ ಯಾಕೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಆಚೆ ಕಡೆ ಮೌನ. ಎಂಟನೆಯ ದಿನ ದುಡ್ಡು ಖಾತೆಗೆ ಬಿತ್ತು. ತಯಾರಕರ ಉತ್ತರ ಮೂರು ಸಾಲಿನದ್ದು: ಪರವಾನಗಿಯನ್ನು ಖರೀದಿಯ ದಿನವೇ ಒಪ್ಪಲಾಗಿದೆ, ಆದ್ದರಿಂದ ಕೋರಿಕೆ ಪರಿಗಣಿಸಲಾಗದು. ಒಪ್ಪಿದವನು ನಾನಲ್ಲ, ಅಂಗಡಿಯ ಹುಡುಗ ಎನ್ನಲು ನನ್ನ ಬಳಿ ವಿಡಿಯೋ ಇರಲಿಲ್ಲ.

ಕಮಿಷನ್ನಿಗೆ ಹೋಗುವುದಾದರೆ

ಪತ್ರಕ್ಕೆ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ, ಕಂಪೆನಿಗೆ ದೂರು ದಾಟಿಸಿ ಉತ್ತರ ಕೇಳುವವರು. ಸಣ್ಣ ಮೊತ್ತಗಳು ಎಷ್ಟೋ ಸಲ ಇಲ್ಲಿಯೇ ಇತ್ಯರ್ಥವಾಗುತ್ತವೆ. ದೂರಿನ ನಂಬರು ಬರೆದಿಟ್ಟುಕೊಳ್ಳಿ.

ಅದರ ಆಚೆಗೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ. ಗಡಿಯವರಾದ ನಮಗೆ ಇಲ್ಲಿ ಒಂದು ದೊಡ್ಡ ಅನುಕೂಲ ಉಂಟು, ಹಲವರಿಗೆ ಗೊತ್ತಿಲ್ಲ. 1986ರ ಹಳೆಯ ಕಾಯ್ದೆಯಲ್ಲಿ ಎದುರು ಪಕ್ಷ ಎಲ್ಲಿದೆಯೋ, ವ್ಯವಹಾರ ಎಲ್ಲಿ ನಡೆಯಿತೋ ಅಲ್ಲಿ ದೂರು ಕೊಡಬೇಕಿತ್ತು. ಮಂಗಳೂರಿನಲ್ಲಿ ಕೊಂಡವನು ಮಂಗಳೂರಿಗೇ ಅಲೆಯಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಕಾಯ್ದೆಯ 34ನೇ ಕಲಮಿನ ಪ್ರಕಾರ ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಅಂಗಡಿ ಹಂಪನಕಟ್ಟೆಯಲ್ಲಿರಲಿ, ಕಂಪೆನಿ ಬೆಂಗಳೂರಿನಲ್ಲಿರಲಿ, ಕೇಸು ಕಾಸರಗೋಡಿನಲ್ಲಿ. ಪೆರ್ಲ, ಉಪ್ಪಳ, ಮುಳ್ಳೇರಿಯ ಕಡೆಯ ಅರ್ಧ ಜನ ಮದುವೆ ಸೀರೆಯಿಂದ ಹಿಡಿದು ಮಿಕ್ಸಿಯವರೆಗೆ ಮಂಗಳೂರಿನಲ್ಲೇ ಕೊಳ್ಳುವವರು; ಲ್ಯಾಪ್‌ಟಾಪಿಗಷ್ಟೇ ಅಲ್ಲ, ಎಲ್ಲದಕ್ಕೂ ಇದು ನೆನಪಿರಲಿ. ಆಧಾರ್ ಅಥವಾ ರೇಶನ್ ಕಾರ್ಡಿನ ಪ್ರತಿ ವಾಸದ ದಾಖಲೆಯಾಗಿ ಸಾಕು.

ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವಿಲ್ಲ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ವಕೀಲರು ಕಡ್ಡಾಯವಲ್ಲ. ಆನ್‌ಲೈನಿನಲ್ಲಿ ಸಲ್ಲಿಸಲು ಮೊದಲು ಇ-ದಾಖಿಲ್ ಇತ್ತು, 2025ರಲ್ಲಿ ಇ-ಜಾಗೃತಿ ಬಂತು. ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲು ಅರ್ಜಿ ಹಾಕಲೂ ಅವಕಾಶವಿದೆ. ದೂರನ್ನು ದಾಖಲಿಸಿಕೊಳ್ಳಬೇಕೇ ಎಂಬುದನ್ನು ಸಾಮಾನ್ಯವಾಗಿ 21 ದಿನದೊಳಗೆ ತೀರ್ಮಾನಿಸಬೇಕು. ನೋಟೀಸು ತಲುಪಿದ ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನು 15. ಸರಕನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕಿಲ್ಲದ ದೂರು ಮೂರು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳುತ್ತದೆ ಎಂದಷ್ಟೇ ನಾನೂ ಹೇಳುತ್ತೇನೆ.

ಇನ್ನು ಭಾಷೆ. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸ್ಥಳೀಯ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ, ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಆ ಹಕ್ಕಿನ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲದ ಹಟವಾದಿ. ಆದರೆ ಕಂಪೆನಿಯ ಜೊತೆಗಿನ ವ್ಯಾಜ್ಯಕ್ಕೆ ಇಂಗ್ಲಿಷಿನಲ್ಲಿ ದೂರು ಬರೆಯಿರಿ ಎಂದೇ ನನ್ನ ಸಲಹೆ. ಎದುರು ಪಕ್ಷದವರು “ನಮಗೆ ಅರ್ಥವಾಗಲಿಲ್ಲ, ಅನುವಾದ ಬೇಕು” ಎಂದು ಎರಡು ವಾಯಿದೆ ತಿನ್ನುವುದು ಬೇಡ. ಕನ್ನಡದ ವಾಟ್ಸ್ಆಪ್ ಮಾತುಕತೆ ಇದ್ದರೆ ಅದರ ಪ್ರಿಂಟಿನ ಜೊತೆ ಇಂಗ್ಲಿಷ್ ಅನುವಾದ ಸೇರಿಸಿ. ವಿಡಿಯೋವನ್ನು ಪೆನ್‌ಡ್ರೈವಿನಲ್ಲಿ ಹಾಕಿ, ಯಾವ ಫೋನಿನಲ್ಲಿ ಯಾರು ಯಾವಾಗ ತೆಗೆದದ್ದು ಎಂಬ ದೃಢೀಕರಣ ಪತ್ರ ಲಗತ್ತಿಸಿ. ಮೂಲ ಫೈಲು ಫೋನಿನಲ್ಲೇ ಇರಲಿ.

ಯಾವ ಕಲಮಿನ ಮೇಲೆ ನಿಲ್ಲಬೇಕು? ಕಾಯ್ದೆಯ 2(41) ಓದಿ. ಒಂದು ಸರಕು ಬೇಕಾದರೆ ಇನ್ನೊಂದು ಸರಕನ್ನೋ ಸೇವೆಯನ್ನೋ ಕೊಳ್ಳಲೇಬೇಕು ಎಂಬ ಷರತ್ತು ‘ನಿರ್ಬಂಧಕ ವ್ಯಾಪಾರ ಪದ್ಧತಿ’ಯೊಳಗೆ ಬರುತ್ತದೆ. ವಿಂಡೋಸಿನ ವಿಷಯಕ್ಕೆ ಇದೇ ನಿಮ್ಮ ಮುಖ್ಯ ಕಂಬ. “ಯಂತ್ರ ಮತ್ತು ತಂತ್ರಾಂಶ ಸೇರಿ ಒಂದೇ ಸರಕು” ಎಂದು ಅವರು ವಾದಿಸುತ್ತಾರೆ. ಅದೇ ಮಾದರಿ ಡಾಸಿನಲ್ಲೂ ಮಾರಾಟಕ್ಕಿದೆ ಎಂಬ ಸ್ಕ್ರೀನ್‌ಶಾಟನ್ನು ಆಗ ಮುಂದಿಡಿ. ಕೇಳದೆ ಬಿಲ್ಲಿಗೆ ಸೇರಿಸಿದ್ದಕ್ಕೆ, ತಪ್ಪು ಮಾಹಿತಿಗೆ 2(47)ರ ಅನುಚಿತ ವ್ಯಾಪಾರ ಪದ್ಧತಿ.

ಒಂದು ಕಡೆ ಎಡವಬೇಡಿ. ಕರಾರಿನ ಷರತ್ತೇ ಅನ್ಯಾಯದ್ದು ಎಂದು 2(46)ರ ‘ಅನುಚಿತ ಕರಾರು’ ವಾದ ಹೂಡಲು ಮನಸ್ಸಾಗುತ್ತದೆ. ಅದನ್ನು ಕೇಳುವ ಅಧಿಕಾರ ಜಿಲ್ಲಾ ಆಯೋಗಕ್ಕಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಎರಡನ್ನೂ ಒಂದೇ ದೂರಿನಲ್ಲಿ ಕಲಸಿದರೆ “ಇದು ಇಲ್ಲಿಯದ್ದಲ್ಲ” ಎಂದು ಮೊದಲ ದಿನವೇ ತಕರಾರು ಎತ್ತುತ್ತಾರೆ. ಎರಡು ಸಾವಿರ ಚಿಲ್ಲರೆಗಾಗಿ ತಿರುವನಂತಪುರದವರೆಗೆ ರೈಲು ಹತ್ತುವ ಹಟ ಇದ್ದವರಿಗೆ ಮಾತ್ರ ಆ ದಾರಿ.

ಕೇಳುವುದನ್ನು ಮಿತದಲ್ಲಿ ಕೇಳಿ. ತಂತ್ರಾಂಶದ ಬೆಲೆ, ಓಡಾಟದ ಖರ್ಚು, ಇಂತಿಷ್ಟು ಪರಿಹಾರ, ಮತ್ತು ಆ ಪದ್ಧತಿಯನ್ನು ನಿಲ್ಲಿಸಲು ಆದೇಶ. ಕೊನೆಯದನ್ನು ಕೊಡುವ ಅಧಿಕಾರ 39ನೇ ಕಲಮಿನಲ್ಲಿದೆ, ಕಂಪೆನಿಗೆ ನಿಜವಾಗಿ ನೋಯುವುದೂ ಅದೇ. 42 ಯೂರೋ ಕೊಡಲಿಕ್ಕೆ ಒಲ್ಲದೆ ಮೋಂಝಾದಲ್ಲಿ ಅವರು ಅಷ್ಟು ಹೋರಾಡಿದ್ದು ಆ 42ಕ್ಕಾಗಿ ಅಲ್ಲವಲ್ಲ. ಆಯೋಗ ರಾಜಿಗೆ ಕಳುಹಿಸಿದರೆ ಮುಖ ತಿರುಗಿಸಬೇಡಿ. ಇಂಥ ಕೇಸು ತೀರ್ಪಾಗಿ ದಾಖಲೆಗೆ ಹೋಗುವುದಕ್ಕಿಂತ ದುಡ್ಡು ಕೊಟ್ಟು ಮುಗಿಸುವುದೇ ಅವರಿಗೆ ವಾಸಿ.

ತನ್ನಷ್ಟಕ್ಕೇ ಹೋಗುವ ದುಡ್ಡು

ಫ್ರೀ ಅವಧಿ ಶುರು ಮಾಡಲು ಕಾರ್ಡಿನ ನಂಬರು ಕೇಳಿದರೆ ಕೊಡಬೇಡಿ. ಕೊಟ್ಟಾಗಿದ್ದರೆ ಬ್ಯಾಂಕಿನ ಆಪ್‌ನಲ್ಲಿ ‘ಇ-ಮ್ಯಾಂಡೇಟ್’ (ದುಡ್ಡು ತನ್ನಷ್ಟಕ್ಕೇ ಕಡಿತವಾಗಲು ಕೊಟ್ಟ ಒಪ್ಪಿಗೆ) ಪಟ್ಟಿ ತೆರೆದು ರದ್ದು ಮಾಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು. ಆ ಮೆಸೇಜನ್ನು ಜಾಹೀರಾತೆಂದು ಅಳಿಸುವವರೇ ಹೆಚ್ಚು.

ಡಿಸ್ಕು ಅಳಿಸುವ ಮೊದಲು

ದುಡ್ಡು ವಾಪಸು ಕೇಳುವ ಆಸೆ ಬಿಟ್ಟಿರಿ ಅಥವಾ ನನ್ನ ಹಾಗೆ ಕೈತಪ್ಪಿತು ಎಂದಿಟ್ಟುಕೊಳ್ಳಿ. ಆಗ ಲಿನಕ್ಸ್ ಹಾಕುವ ಮೊದಲು ವಿಂಡೋಸಿನ ರಿಕವರಿ ಡ್ರೈವ್ ಒಂದನ್ನು ದೊಡ್ಡ ಪೆನ್‌ಡ್ರೈವಿನಲ್ಲಿ ಮಾಡಿಟ್ಟುಕೊಳ್ಳಿ. ವಾರಂಟಿಯೊಳಗೆ ಕೀಲಿಮಣೆಯೋ ಪರದೆಯೋ ಕೆಟ್ಟರೆ “ಮೊದಲಿನ ಸಿಸ್ಟಮ್ ಹಾಕಿ ತನ್ನಿ, ಆಮೇಲೆ ನೋಡುವ” ಎನ್ನುವ ಸರ್ವಿಸ್ ಸೆಂಟರಿನವರು ಇದ್ದಾರೆ. ಅವರ ಜೊತೆ ವಾದ ಮಾಡಬಹುದು, ಆದರೆ ಮಗಳ ಪರೀಕ್ಷೆಯ ವಾರದಲ್ಲಿ ಬೇಡ. ನಮ್ಮ ಪೆನ್‌ಡ್ರೈವು ಅಂಗಡಿಯ ಮೇಜಿನ ಖಾನೆಯಲ್ಲಿ, ಆ ಬಿಲ್ಲಿನ ಪ್ರತಿಯಲ್ಲೇ ಸುತ್ತಿಟ್ಟಿದೆ.